ನೂರು ಜನಕ್ಕೆ ಮಾತ್ರ ಜಾಗ: ಸಣ್ಣ ಹಡಗಿನ ಟಿಕೆಟ್ ಯಾಕೆ ಇಷ್ಟು ದುಬಾರಿ?

ಗಳಗನಾಥದಿಂದ ಮಾತಾಡ್ತಾ ಇದ್ದೀನಿ. ಹಿಂದೆ ಗುಂಯ್ ಅನ್ನೋ ಸದ್ದು ಕೇಳ್ತಿದ್ರೆ ಅದು ನಿಮ್ಮ ಇಯರ್‌ಫೋನ್ ಸಮಸ್ಯೆ ಅಲ್ಲ, ಹೊಳೆ ದಂಡೆಯ ಪಂಪ್‌ಸೆಟ್. ಕರೆಂಟ್ ಇರೋ ಹೊತ್ತಿಗೇ ನಾನೂ ರೆಕಾರ್ಡ್ ಮಾಡಬೇಕು, ರೈತರೂ ನೀರು ಬಿಡಬೇಕು. ಸಹಿಸಿಕೊಳ್ಳಿ.

ಕಳೆದ ವಾರ ಬ್ಯಾಡಗಿಯಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯೋ ಕೆಲಸ ಅವರದು. ಜೊತೆಗೊಂದು ರೀಲ್ ಇತ್ತು. ಬಿಳೀ ಹಿಮ, ಸಾಲಾಗಿ ನಡೆಯೋ ಪೆಂಗ್ವಿನ್‌ಗಳು, ಕೆಂಪು ಜಾಕೆಟ್ ಹಾಕಿದ ಪ್ರವಾಸಿಗರು, ಹಡಗಿನ ಬಾಲ್ಕನಿಯಲ್ಲಿ ಹೊಗೆಯಾಡೋ ಕಾಫಿ. ಅವರ ಪ್ರಶ್ನೆ ಹೀಗಿತ್ತು: "ಅಣ್ಣಾ, ಈ ಹಡಗ ನೋಡ್ರಿ. ಇನ್ನೂರು ಮಂದೀನೂ ಹಿಡ್ಯಂಗಿಲ್ಲ ಅಂತ. ಟಿಕೇಟ್ ಮಾತ್ರ ಹದಿನೈದು ಲಕ್ಷ! ಮೂರು ಸಾವಿರ ಮಂದಿ ಹೋಗೋ ದೊಡ್ಡ ಹಡಗಿಗೆ ಕಮ್ಮಿ, ಸಣ್ಣದಕ್ಕ ಜಾಸ್ತಿ. ಇದ್ಯಾವ ಲೆಕ್ಕರೀ?"

ಒಳ್ಳೆ ಪ್ರಶ್ನೆ. ಬಿಕಾಂ ಓದಿದವನಿಗೆ ಇಂಥ ಪ್ರಶ್ನೆ ಸಿಕ್ರೆ ನಿದ್ದೆ ಬರಲ್ಲ. ಅದೂ ಅಲ್ಲದೆ ಇದೇ ಹೊತ್ತಿಗೆ ನನ್ನ ಮೇಜಿನ ಮೇಲೆ ಇನ್ನೊಂದು ಬೋಟಿನ ಲೆಕ್ಕ ಕೂತಿದೆ. ನನ್ನ ದೋಸ್ತ್ ಒಬ್ಬ ನಮ್ಮೂರಿನ ಸಂಗಮದಲ್ಲಿ, ಅಂದ್ರೆ ವರದಾ ನದಿ ತುಂಗಭದ್ರೆಗೆ ಸೇರೋ ಜಾಗದಲ್ಲಿ, ಬೋಟಿಂಗ್ ಶುರು ಮಾಡಬೇಕು ಅಂತಿದ್ದಾನೆ. ಹಕ್ಕಿ ತೋರಿಸೋದು, ಹೊಳೆಯಿಂದಲೇ ಗಳಗೇಶ್ವರ ಗುಡಿ ತೋರಿಸೋದು. ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡು ಅಂತ ನನ್ನ ಬೆನ್ನು ಹತ್ತಿದ್ದಾನೆ. ಅಂಟಾರ್ಕ್ಟಿಕಾ ಎಲ್ಲಿ, ಗಳಗನಾಥ ಎಲ್ಲಿ ಅಂತ ನಗಬೇಡಿ. ಎರಡೂ ಲೆಕ್ಕ ಒಂದೇ ಕಾಲಂನಲ್ಲಿ ಬಂದು ಸಿಕ್ಕಿಹಾಕಿಕೊಂಡಿವೆ. ಅದಕ್ಕೇ ಈ ಎಪಿಸೋಡು.

ಮೊದಲು ಹಡಗು. ಕ್ರೂಸ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಹದಿನೈದು ಮಹಡಿಯ, ಸ್ವಿಮ್ಮಿಂಗ್ ಪೂಲ್, ಡಿಸ್ಕೋ ಎಲ್ಲ ಇರೋ ತೇಲುವ ಹೋಟೆಲ್. ಆದ್ರೆ ವನ್ಯಜೀವಿ ನೋಡೋಕೆ ದೂರದ ದ್ವೀಪಗಳಿಗೆ ಹೋಗೋ ಹಡಗುಗಳ ಜಾತಿಯೇ ಬೇರೆ. ಅವನ್ನ ಎಕ್ಸ್‌ಪೆಡಿಷನ್ ಶಿಪ್ ಅಂತಾರೆ. ಹದಿನಾರು ಜನರ ದೋಣಿಯಿಂದ ಹಿಡಿದು ಇನ್ನೂರು, ಮುನ್ನೂರು ಜನರ ಹಡಗಿನವರೆಗೆ ಇವೆ. ದ್ವೀಪಕ್ಕೆ ಬಂದರು ಇರಲ್ಲ, ಜೆಟ್ಟಿ ಇರಲ್ಲ. ಹಡಗು ದೂರ ನಿಲ್ಲುತ್ತೆ, ಜೋಡಿಯಾಕ್ ಅನ್ನೋ ರಬ್ಬರ್ ದೋಣಿಗಳಲ್ಲಿ ಹತ್ತತ್ತು ಜನರನ್ನ ದಡಕ್ಕೆ ಬಿಡ್ತಾರೆ. ಅಡುಗೆ ಮಾಡೋರು ಎಷ್ಟು ಮುಖ್ಯವೋ ಹಕ್ಕಿ ಗೊತ್ತಿರೋರು, ತಿಮಿಂಗಿಲ ಗೊತ್ತಿರೋರು ಕೂಡ ಅಷ್ಟೇ ಮುಖ್ಯ. ಅವರೂ ಸಿಬ್ಬಂದಿಯೇ.

ಇದನ್ನ ಶುರು ಮಾಡಿದವರು ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಟ್ರಾವೆಲ್ ಕಂಪನಿ ನಡೆಸಿದವರು. 1966ರಲ್ಲಿ ಪ್ರವಾಸಿಗರನ್ನ ಅಂಟಾರ್ಕ್ಟಿಕಾಕ್ಕೆ ಕರೆದುಕೊಂಡು ಹೋದರು. 1969ರಲ್ಲಿ ಅದಕ್ಕಂತಲೇ ಒಂದು ಸಣ್ಣ ಹಡಗು ಕಟ್ಟಿಸಿದರು. ಆ ಹಡಗಿನ ಕೊನೆ ಹೇಗಾಯ್ತು ಅಂತ ಆಮೇಲೆ ಹೇಳ್ತೀನಿ, ಮರೆತ್ರೆ ನೆನಪಿಸಿ.

ಈಗ ಬ್ಯಾಡಗಿ ಅಣ್ಣನ ಲೆಕ್ಕ. ಅಂಕಿಗಳು ನನ್ನವು, ಬರೀ ಉದಾಹರಣೆಗೆ. ಒಂದು ಸಣ್ಣ ಹಡಗು ಸಮುದ್ರದಲ್ಲಿ ಒಂದು ದಿನ ಇರೋಕೆ 50 ಲಕ್ಷ ಖರ್ಚು ಅಂದುಕೊಳ್ಳಿ. ಎಣ್ಣೆ, ಕ್ಯಾಪ್ಟನ್, ಅಡುಗೆಯವರು, ಗೈಡ್‌ಗಳು, ವಿಮೆ, ಹಡಗಿನ ಸಾಲದ ಕಂತು ಎಲ್ಲ ಸೇರಿ. ನೂರು ಜನ ಹಂಚಿಕೊಂಡ್ರೆ ತಲೆಗೆ 50 ಸಾವಿರ, ಹತ್ತು ದಿನಕ್ಕೆ 5 ಲಕ್ಷ. ಇನ್ನೊಂದು ದೊಡ್ಡ ಹಡಗಿಗೆ ದಿನಕ್ಕೆ 3 ಕೋಟಿ ಖರ್ಚು ಅಂದುಕೊಳ್ಳಿ. ಆರು ಪಟ್ಟು. ಆದ್ರೆ ಹಂಚಿಕೊಳ್ಳೋರು ಮೂರು ಸಾವಿರ ಜನ. ತಲೆಗೆ ಹತ್ತೇ ಸಾವಿರ. ನಮ್ಮೂರಿಂದ ಹಾವೇರಿಗೆ ಒಬ್ಬರೇ ಬಾಡಿಗೆ ಕಾರಲ್ಲಿ ಹೋಗೋದಕ್ಕೂ ಟಂಟಂನಲ್ಲಿ ಹನ್ನೆರಡು ಜನ ತುಂಬಿಕೊಂಡು ಹೋಗೋದಕ್ಕೂ ಇರೋ ವ್ಯತ್ಯಾಸ. ಹೋಗೋ ರಸ್ತೆ ಅದೇ.

ಹಂಗಾದ್ರೆ ಅಂಟಾರ್ಕ್ಟಿಕಾಕ್ಕೂ ಮೂರು ಸಾವಿರ ಜನರ ಹಡಗು ತಗೊಂಡು ಹೋಗಿ ಅಗ್ಗದಲ್ಲಿ ತೋರಿಸಬಹುದಲ್ಲ? ಹೋಗಬಹುದು, ಇಳಿಯೋ ಹಾಗಿಲ್ಲ. ಕಥೆಯ ಗುಟ್ಟು ಇರೋದೇ ಇಲ್ಲಿ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರೋ ಹಡಗು ಅಂಟಾರ್ಕ್ಟಿಕಾದಲ್ಲಿ ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ. ಒಂದು ಜಾಗದಲ್ಲಿ ಒಂದು ಹೊತ್ತಿಗೆ ನೂರು ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಇಪ್ಪತ್ತು ಜನಕ್ಕೆ ಒಬ್ಬ ಗೈಡ್ ಇರಲೇಬೇಕು. ಪೆಂಗ್ವಿನ್‌ನಿಂದ ಐದು ಮೀಟರ್ ದೂರ. ಅದಾಗಿ ಹತ್ತಿರ ಬಂದ್ರೆ? ನೀವೇ ಹಿಂದೆ ಸರಿಯಬೇಕು. 1991ರಲ್ಲಿ ಏಳು ಟೂರ್ ಕಂಪನಿಗಳು ಕೂಡಿ ಐಯಾಟೊ ಅನ್ನೋ ಸಂಘ ಕಟ್ಟಿಕೊಂಡು ಇಂಥ ಶಿಸ್ತನ್ನ ತಾವೇ ಹಾಕಿಕೊಂಡವು. 2009ರಲ್ಲಿ ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳು ಮುಖ್ಯ ನಿಯಮಗಳನ್ನ ಒಪ್ಪಿಕೊಂಡವು. ಯಾವ ಹಡಗು ಯಾವ ದಿನ ಯಾವ ಕೊಲ್ಲಿಗೆ ಬರುತ್ತೆ ಅಂತ ಮೊದಲೇ ಸ್ಲಾಟ್ ಬುಕ್ ಮಾಡಿಕೊಳ್ತಾರೆ. ಹಾಗಾಗಿ ನಿಮ್ಮ ಫೋಟೋದಲ್ಲಿ ಇನ್ನೊಂದು ಹಡಗು ಕಾಣಲ್ಲ. "ಇಲ್ಲಿ ನಾವು ಬಿಟ್ರೆ ಯಾರೂ ಇಲ್ಲ" ಅಂತ ರೀಲ್‌ನಲ್ಲಿ ಹೇಳ್ತಾರಲ್ಲ, ಅದು ಪ್ರಕೃತಿ ಕೊಟ್ಟಿದ್ದಲ್ಲ, ಟೈಮ್‌ಟೇಬಲ್ ಕೊಟ್ಟಿದ್ದು.

ಅಂದ್ರೆ ಹದಿನೈದು ಲಕ್ಷದಲ್ಲಿ ಒಂದಷ್ಟು ಭಾಗ ಮೆತ್ತನೆ ಹಾಸಿಗೆಗೆ, ವೈನ್‌ಗೆ ಹೋಗೋದು ನಿಜ. ಆದ್ರೆ ಜನ ನಿಜವಾಗಿ ಕೊಳ್ಳೋದು ಮಿತಿಯನ್ನ. ಉಳಿದ ಎರಡು ಸಾವಿರದ ಒಂಬೈನೂರು ಜನ ಅಲ್ಲಿ ಇಲ್ಲದೇ ಇರೋದಕ್ಕೆ ಕೊಡೋ ದುಡ್ಡು ಅದು.

ಹೀಗೆ ಹೇಳಿದ್ರೆ ಶ್ರೀಮಂತರ ಶೋಕಿಗೆ ನಾನು ವಕೀಲಿಕೆ ಮಾಡ್ತಿದ್ದೀನಿ ಅನ್ಸುತ್ತೆ. ಸ್ವಲ್ಪ ತಡೀರಿ, ಬೂಟಿನ ವಿಷಯ ಕೇಳಿ. ದಡಕ್ಕೆ ಇಳಿಯೋ ಮೊದಲು, ಹತ್ತಿ ಬಂದ ಮೇಲೆ ಬೂಟು ತೊಳೆಯಬೇಕು. ಜಾಕೆಟ್ ಜೇಬು, ಬ್ಯಾಗಿನ ಮೂಲೆ, ಅಂಟುಪಟ್ಟಿ ಎಲ್ಲದಕ್ಕೂ ವ್ಯಾಕ್ಯೂಮ್ ಹಿಡೀತಾರೆ. ಯಾಕೆ? ಬೀಜ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗೋರ ಬಟ್ಟೆ, ಬೂಟು, ಬ್ಯಾಗು ಹುಡುಕಿ ನೋಡಿದ್ರು. ಸರಾಸರಿ ಒಬ್ಬೊಬ್ಬರ ಮೈಮೇಲೆ ಒಂಬತ್ತೂವರೆ ಬೀಜ! ನಮ್ಮಲ್ಲಿ ಹೊಲದಿಂದ ಬಂದ ಮೇಲೆ ಪ್ಯಾಂಟಿಗೆ ಉತ್ತರಾಣಿ ಅಂಟಿರುತ್ತಲ್ಲ, ಹಾಗೆ. ನಾವು ಕಿತ್ತು ಅಂಗಳಕ್ಕೆ ಎಸೀತೀವಿ, ಏನೂ ಆಗಲ್ಲ. ಆದ್ರೆ ಹೊರಗಿನ ಗಿಡವನ್ನೇ ಕಾಣದ ದ್ವೀಪದಲ್ಲಿ ಒಂದು ಬೀಜ ಮೊಳೆತ್ರೆ ಏನಾಗುತ್ತೆ ಅಂತ ತಿಳ್ಕೋಬೇಕಾದ್ರೆ ನಿಮ್ಮ ಬದುವಿಗೆ ಹೋಗಿ ಕಾಂಗ್ರೆಸ್ ಕಸ ನೋಡಿ. 1950ರ ದಶಕದಲ್ಲಿ ಪುಣೆಯ ಹತ್ತಿರ ಕಣ್ಣಿಗೆ ಬಿದ್ದ ಗಿಡ, ಹೊರದೇಶದ ಧಾನ್ಯದ ಜೊತೆ ಬಂತು ಅಂತಾರೆ. ಇವತ್ತಿಗೂ ಅದನ್ನ ಕಿತ್ತು ಕಿತ್ತು ನಮ್ಮ ಅವ್ವನ ಕೈಗೆ ತುರಿಕೆ.

ದ್ವೀಪ ಪ್ರವಾಸದಲ್ಲಿ ಅಂಟಾರ್ಕ್ಟಿಕಾಗಿಂತ ಹಳೇ ಪಾಠ ಇರೋದು ಗಲಾಪಗೋಸ್‌ನಲ್ಲಿ. ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ದೂರ. 1835ರಲ್ಲಿ ಡಾರ್ವಿನ್ ಹೋಗಿದ್ದು ಅಲ್ಲಿಗೇ. ಅಲ್ಲಿ ಒಂದು ಹಡಗಿನಲ್ಲಿ ನೂರಕ್ಕಿಂತ ಹೆಚ್ಚು ಪ್ರವಾಸಿಗರು ಇರುವಂತಿಲ್ಲ. ತುಂಬಾ ದೋಣಿಗಳು ಹದಿನಾರೇ ಜನರವು, ಯಾಕಂದ್ರೆ ಹದಿನಾರು ಜನಕ್ಕೆ ಒಬ್ಬ ಗೈಡ್ ಅನ್ನೋದು ಲೆಕ್ಕ. 2012ರಿಂದ ಇನ್ನೊಂದು ನಿಯಮ ಬಂತು. ಒಂದು ಹಡಗು ಎರಡು ವಾರದೊಳಗೆ ಅದೇ ಜಾಗಕ್ಕೆ ಎರಡನೇ ಸಲ ಹೋಗುವಂತಿಲ್ಲ. ಎಲ್ಲರೂ ಹೆಸರುವಾಸಿ ಜಾಗಕ್ಕೇ ಮುಗಿಬೀಳೋದು ತಪ್ಪಿತು. 2024ರ ಆಗಸ್ಟ್ 1ರಿಂದ ಹೆಚ್ಚಿನ ವಿದೇಶಿ ಪ್ರವಾಸಿಗರಿಗೆ ಪ್ರವೇಶ ಶುಲ್ಕವನ್ನ 100 ಡಾಲರ್‌ನಿಂದ 200ಕ್ಕೆ ಏರಿಸಿದ್ರು.

ಇಷ್ಟೆಲ್ಲ ಮಾಡಿಯೂ ಅಲ್ಲಿ ಎಡವಿದ್ರು. 2001ರ ಜನವರಿ 16ರಂದು ಜೆಸ್ಸಿಕಾ ಅನ್ನೋ ಎಣ್ಣೆ ಹಡಗು ಸ್ಯಾನ್ ಕ್ರಿಸ್ಟೋಬಲ್ ದ್ವೀಪದ ಬಂದರಿನ ಬಾಯಲ್ಲಿ ನೆಲಕ್ಕೆ ಬಡಿದು ವಾಲಿತು. ಸುಮಾರು 9 ಲಕ್ಷ ಲೀಟರ್ ಎಣ್ಣೆ ಇತ್ತು. ಮುಕ್ಕಾಲು ಪಾಲು ಸಮುದ್ರಕ್ಕೆ ಹೋಯ್ತು. ಆ ಎಣ್ಣೆ ಯಾರಿಗೆ ಹೋಗ್ತಿತ್ತು? ಹೆಚ್ಚಿನದು ದ್ವೀಪದ ಡಿಪೋಗೆ ಡೀಸೆಲ್. ಉಳಿದ ಮಂದ ಎಣ್ಣೆ ಒಂದು ಪ್ರವಾಸಿ ಹಡಗಿಗೆ! ಗಾಳಿ, ಪ್ರವಾಹ ಎರಡೂ ಕೈಹಿಡಿದು ಎಣ್ಣೆಯನ್ನ ದೂರ ತಳ್ಳಿದವು. ದಡದಲ್ಲಿ ಸತ್ತ ಪ್ರಾಣಿಗಳು ಹೆಚ್ಚಿಗೆ ಕಾಣಲಿಲ್ಲ. ಅಬ್ಬಾ ಬಚಾವಾದ್ವಿ ಅಂದುಕೊಂಡ್ರು. ಆದ್ರೆ ಸಾಂತಾ ಫೆ ದ್ವೀಪದಲ್ಲಿ ಸಮುದ್ರ ಇಗ್ವಾನಾಗಳನ್ನ ವರ್ಷಗಳಿಂದ ಎಣಿಸ್ತಾ ಇದ್ದ ಸಂಶೋಧಕರಿದ್ರು. ಇಗ್ವಾನಾ ಅಂದ್ರೆ ನಮ್ಮ ಓತಿಕ್ಯಾತದ ದೊಡ್ಡಣ್ಣ, ಕಡಲಿಗೆ ಇಳಿದು ಪಾಚಿ ತಿನ್ನೋ ಪ್ರಾಣಿ. ಮುಂದಿನ ಒಂದು ವರ್ಷದಲ್ಲಿ ಅಲ್ಲಿನ ಇಗ್ವಾನಾಗಳಲ್ಲಿ ನೂರಕ್ಕೆ 62 ಸತ್ತವು ಅಂತ 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ್ರು. ಕಣ್ಣಿಗೆ ಕಾಣದಷ್ಟು ಎಣ್ಣೆ ಪಾಚಿಗೆ ಅಂಟಿತ್ತು. ಆ ಪಾಚಿಯನ್ನ ಅರಗಿಸೋಕೆ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಬೇಕು, ಅವೇ ಸತ್ತುಹೋಗಿರಬಹುದು ಅನ್ನೋದು ಅವರ ಊಹೆ. ಅಂದ್ರೆ ಹೊಟ್ಟೆ ತುಂಬ ತಿಂದೂ ಉಪವಾಸ.

ಪ್ರವಾಸಿಗರ ತಲೆ ಎಣಿಸಿದ್ರು, ಹೆಜ್ಜೆ ಎಣಿಸಿದ್ರು. ಹಡಗಿನ ಎಣ್ಣೆ ಎಂಥದ್ರಲ್ಲಿ ಬರುತ್ತೆ ಅಂತ ಎಣಿಸಿರಲಿಲ್ಲ.

ಇನ್ನೊಂದು ತೂತು ಅಂದ್ರೆ ಹಡಗಿನ ಸೀಟುಗಳಿಗೆ ಮಿತಿ ಇದ್ರೂ ಊರಿನ ಹೋಟೆಲ್‌ಗಳಿಗೆ ಅಷ್ಟು ಬಿಗಿ ಇರಲಿಲ್ಲ. ಈಗ ಗಲಾಪಗೋಸ್‌ಗೆ ವರ್ಷಕ್ಕೆ ಸುಮಾರು 3 ಲಕ್ಷ ಜನ ಬರ್ತಾರೆ. ಹೆಚ್ಚಿನವರು ಹಡಗಿನವರಲ್ಲ, ಊರಲ್ಲಿ ರೂಮ್ ಮಾಡಿಕೊಂಡು ದಿನದ ಬೋಟ್ ಹತ್ತೋರು. ಹಡಗಿನ ಬಾಗಿಲಿಗೆ ಚಿಲಕ ಹಾಕಿದ್ರೆ ಜನ ಹಿತ್ತಲಿಂದ ಬಂದ್ರು.

ಹಾಂ, ಆ ಲಿಂಡ್‌ಬ್ಲಾಡ್ ಹಡಗು. ಹಲವು ಮಾಲೀಕರ ಕೈ ದಾಟಿ, ಎಂವಿ ಎಕ್ಸ್‌ಪ್ಲೋರರ್ ಅಂತ ಹೆಸರಾಗಿ, 2007ರ ನವೆಂಬರ್ 23ರಂದು ಅಂಟಾರ್ಕ್ಟಿಕಾದ ಹತ್ತಿರ ಮಂಜುಗಡ್ಡೆಗೆ ಬಡಿದು ಮುಳುಗಿತು. 154 ಜನ ತೆರೆದ ದೋಣಿಗಳಲ್ಲಿ ಗಂಟೆಗಟ್ಟಲೆ ಕೂತಿದ್ರು, ಅಷ್ಟೂ ಜನ ಬದುಕಿದ್ರು. ಹತ್ತಿರದಲ್ಲಿ ಇನ್ನೊಂದು ಪ್ರವಾಸಿ ಹಡಗು ಇತ್ತು, ಅದು ಬಂದು ಎತ್ತಿಕೊಳ್ತು. 2011ರ ಆಗಸ್ಟ್‌ನಿಂದ ಆ ಕಡಲಲ್ಲಿ ಮಂದ ಎಣ್ಣೆಯ ಹಡಗುಗಳಿಗೇ ನಿಷೇಧ ಬಂತು. ಹೆಚ್ಚಿನ ದೊಡ್ಡ ಹಡಗುಗಳು ಹಾಗೇ ದೂರ ಉಳಿದವು.

ಇನ್ನು ನಮ್ಮ ಕಡೆ ಬರೋಣ. ಭಾರತದಲ್ಲಿ ಈ ಜಾತಿಯ ಹಡಗು ಅಂದ್ರೆ ಗಂಗಾ ವಿಲಾಸ್. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟಿದ್ದು. 18 ಸೂಟ್, 36 ಜನ, 51 ದಿನ, ಬಾಂಗ್ಲಾದೇಶದ ಮೂಲಕ ಅಸ್ಸಾಮಿನ ದಿಬ್ರುಗಢಕ್ಕೆ ಸುಮಾರು 3,200 ಕಿಲೋಮೀಟರ್. ದಾರಿಯಲ್ಲಿ ಗಂಗಾ ಡಾಲ್ಫಿನ್ ಇರೋ ನೀರು, ಸುಂದರಬನ, ಕಾಜಿರಂಗ. ಆದ್ರೆ ಅದು ನದಿ ಹಡಗು.

ದ್ವೀಪ ಬೇಕು ಅಂದ್ರೆ ನಮ್ಮ ಕರ್ನಾಟಕಕ್ಕೇ ಇದೆ. ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರ ಅಕ್ಟೋಬರ್ 28ಕ್ಕೆ ಬಂತಲ್ಲ, ಅದರಲ್ಲಿ ಅವರು ನೀರಿಗಿಳಿಯೋದು ಅಲ್ಲೇ. ಥಿಯೇಟರ್‌ನಲ್ಲಿ ನಾನು ಕಣ್ಣೊರೆಸಿಕೊಂಡೇ ನೋಡಿದ್ದು, ಅದು ಬೇರೆ ವಿಷಯ. ನೇತ್ರಾಣಿಯ ಬಂಡೆ ಗೋಡೆಯ ಹಾಗೆ ನೇರ ಕಡಲಿಗೆ ಇಳಿಯುತ್ತೆ. ಮೇಲೆ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳ ಗೂಡು, ಕೆಳಗೆ ಹವಳ, ಬಣ್ಣಬಣ್ಣದ ಮೀನು. ಕರಾವಳಿಯ ಮೀನುಗಾರರಿಗೆ ಅದು ಹರಕೆ ತೀರಿಸೋ ಜಾಗ, ಆಡು ಬಿಟ್ಟು ಬರ್ತಿದ್ರು. ನೌಕಾಪಡೆ ಅದನ್ನ ಗುರಿ ಅಭ್ಯಾಸಕ್ಕೂ ಬಳಸಿತ್ತು. ಒಂದು ಚೂರು ಬಂಡೆ ಮೇಲೆ ದೇವರು, ಹದ್ದು, ಆಡು, ಫಿರಂಗಿ! ಈಗ ಮಳೆಗಾಲ ಬಿಟ್ಟು ಉಳಿದ ತಿಂಗಳು ಸ್ಕೂಬಾ ಡೈವಿಂಗ್ ಬೋಟ್‌ಗಳು. ಒಂದು ಬೋಟ್ ಲಂಗರು ಹಾಕೋದರಲ್ಲಿ ಏನಿದೆ ಅನ್ಸುತ್ತೆ. ಲಂಗರು ಅಂದ್ರೆ ಕಬ್ಬಿಣದ ಕೊಕ್ಕೆ. ಹವಳದ ಮೇಲೆ ಬಿದ್ದು ಎಳೆದಾಡಿದ್ರೆ ಅದು ನೇಗಿಲು. ಹವಳ ವರ್ಷಕ್ಕೆ ಬೆಳೆಯೋದು ಎಷ್ಟೋ ಕಡೆ ಬೆರಳಗಲ. ಅದಕ್ಕೆ ಪರಿಹಾರ ಕಷ್ಟದ್ದೇನಲ್ಲ. ತಳದಲ್ಲಿ ಒಮ್ಮೆ ಗಟ್ಟಿಯಾಗಿ ಕೂರಿಸಿದ ಕಲ್ಲಿಗೆ ತೇಲುಬುರುಡೆ ಕಟ್ಟಿಟ್ರೆ ಎಲ್ಲ ಬೋಟ್‌ಗಳೂ ಅದಕ್ಕೇ ಹಗ್ಗ ಕಟ್ಟಬಹುದು. ಎಷ್ಟು ಬುರುಡೆಯೋ ಅಷ್ಟೇ ಬೋಟು. ಮಿತಿ ತಾನಾಗೇ ಬರುತ್ತೆ.

ಲಕ್ಷದ್ವೀಪದ ಬಗ್ಗೆ ಒಂದು ಮಾತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು, ಗೊತ್ತಾ? ನಮ್ಮ ರಾಜ್ಯೋತ್ಸವದ ದಿನವೇ ಅವು ಆ ಜಿಲ್ಲೆ ಬಿಟ್ಟು ಕೇಂದ್ರಾಡಳಿತಕ್ಕೆ ಹೋದವು. ಇವತ್ತಿಗೂ ಮಂಗಳೂರು ಹಳೇ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತೆ. ಅಲ್ಲಿ ಹೋಗೋಕೆ ಪರ್ಮಿಟ್ ಬೇಕು ಅಂತ ಜನ ಗೊಣಗ್ತಾರೆ. ಕವರತ್ತಿಯ ಹತ್ತಿರ ಪಿಟ್ಟಿ ಅನ್ನೋ ದ್ವೀಪ ಇದೆ, ಒಂದೂಕಾಲು ಹೆಕ್ಟೇರ್ ಕೂಡ ಇಲ್ಲ. ನಮ್ಮಲ್ಲಿ ಅಷ್ಟು ಹೊಲ ಇದ್ರೆ ಸಣ್ಣ ರೈತ ಅಂತಾರೆ. ಅಷ್ಟೂ ಜಾಗ ಕಡಲ ಹಕ್ಕಿಗಳ ಅಭಯಾರಣ್ಯ. ಅಂಥ ಜಾಗಕ್ಕೆ ಎರಡು ಬೋಟ್ ಜನ ಇಳಿದ್ರೆ ಹಕ್ಕಿ ಕೂರೋಕೆ ಜಾಗ ಎಲ್ಲಿ?

ಮಿತಿ ಇಲ್ಲದಿದ್ರೆ ಏನಾಗುತ್ತೆ ಅಂತ ನಾನೇ ನೋಡಿದ್ದೀನಿ. ಮೂರು ವರ್ಷದ ಹಿಂದೆ ದೋಸ್ತರ ಜೊತೆ ಕರಾವಳಿಯ ಒಂದು ಊರಿಗೆ ಡಾಲ್ಫಿನ್ ನೋಡೋಕೆ ಹೋಗಿದ್ವಿ. ಊರು ಯಾವುದು, ಬೋಟ್ ಯಾರದು ಅಂತ ಹೇಳಲ್ಲ. ಬೋಟಲ್ಲಿ ಇಪ್ಪತ್ತು ಜನ, ಲೈಫ್ ಜಾಕೆಟ್ ಹದಿನಾಲ್ಕು. "ಈಜು ಬರೋರು ಬಿಡಿ" ಅಂದ್ರು. ದೂರದಲ್ಲಿ ಒಂದು ಬೆನ್ನು ಕಾಣ್ತು. ನಮ್ಮ ಬೋಟು ಓಡ್ತು. ಇನ್ನೂ ಮೂರು ಬೋಟು ಬೇರೆ ಬೇರೆ ದಿಕ್ಕಿಂದ ಓಡಿ ಬಂದವು. ನಾಲ್ಕೂ ಕೂಡಿ ಸುತ್ತು ಹಾಕಿದ್ವು. ಡಾಲ್ಫಿನ್ ಮೇಲೆ ಬರೋದು ನಮಗೆ ಪೋಸ್ ಕೊಡೋಕಲ್ಲ, ಉಸಿರಾಡೋಕೆ. ಪಕ್ಕದಲ್ಲಿ ಒಂದು ಮರಿ ಇತ್ತು. ಎಲ್ಲರ ಮೊಬೈಲೂ ಮೇಲಿತ್ತು, ನಂದೂ ಇತ್ತು. ಆ ವಿಡಿಯೋ ಇನ್ನೂ ಫೋನಲ್ಲಿದೆ, ಸ್ಟೇಟಸ್ ಹಾಕೋ ಮನಸ್ಸಾಗಲಿಲ್ಲ. ನಾಲ್ಕೂ ಬೋಟ್‌ನವರು ಕೆಟ್ಟವರಾ? ಅಲ್ಲ. ಒಬ್ಬ ನಿಂತ್ರೆ ಇನ್ನೊಬ್ಬ ಹತ್ತಿರ ಹೋಗ್ತಾನೆ, ನಾಳೆ ಗಿರಾಕಿ ಅವನ ಬೋಟ್ ಹತ್ತುತ್ತೆ. ನಿಯಮ ಇಲ್ಲದ ಕಡೆ ಒಳ್ಳೆಯವನಿಗೇ ನಷ್ಟ.

ಹಾಗಂತ ನಮ್ಮಲ್ಲಿ ಯಾರಿಗೂ ಬರಲ್ಲ ಅಂತಲ್ಲ. ಭದ್ರಾ ಅಣೆಕಟ್ಟೆ ಲಕ್ಕವಳ್ಳಿಯ ಹಿನ್ನೀರಿಗೆ ಹೋಗಿ. ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನ ರೆಸಾರ್ಟ್ ಇದೆ, ಹೆಸರೇ ರಿವರ್ ಟರ್ನ್ ಲಾಡ್ಜ್. ರಿವರ್ ಟರ್ನ್‌ಗೆ ಕನ್ನಡದಲ್ಲಿ ನದಿ ರೀವ ಅಂತಾರೆ. ಬೂದು ಬಿಳಿ ಮೈ, ಕರೀ ಟೋಪಿ, ಹಳದಿ ಕೊಕ್ಕು. ಬೇಸಿಗೆಗೆ ನೀರು ಇಳಿದು ಜಲಾಶಯದಲ್ಲಿ ನಡುಗಡ್ಡೆಗಳು ಮೇಲೆ ಬಂದ್ರೆ ಸಾವಿರಾರು ಹಕ್ಕಿಗಳು ಅಲ್ಲಿ ಮೊಟ್ಟೆ ಇಡುತ್ವೆ. ಬೋಟ್ ಸಫಾರಿಯಲ್ಲಿ ನೀರಿನ ಮೇಲಿಂದಲೇ ನೋಡಬೇಕು. ಕರ್ನಾಟಕದಲ್ಲಿ ಆ ರೀಲ್‌ಗೆ ಅತ್ಯಂತ ಹತ್ತಿರದ ಅನುಭವ ಇದೇ ಅಂತ ನನ್ನ ಅಭಿಪ್ರಾಯ. ದುಬಾರಿ ಹೌದು, ಆದ್ರೆ ಹದಿನೈದು ಲಕ್ಷ ಅಲ್ಲ.

ಈ ಹಕ್ಕಿ ಗೂಡು ಕಟ್ಟಲ್ಲ. ಬಯಲಲ್ಲಿ ಒಂದು ಸಣ್ಣ ಕುಳಿ ಕೆದರಿ ಮೊಟ್ಟೆ ಇಡುತ್ತೆ. ಮಾರ್ಚ್, ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ಲ. ತಾಯಿ ಕೂರೋದು ಕಾವು ಕೊಡೋಕಷ್ಟೇ ಅಲ್ಲ, ನೆರಳು ಕೊಡೋಕೂ ಹೌದು. ಕೆಲವೊಮ್ಮೆ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಕೂರುತ್ತೆ. ಬೋಟ್ ಹತ್ತಿರ ಬಂದ್ರೆ ಎಲ್ಲ ಒಟ್ಟಿಗೆ ಎದ್ದು ಕಿರುಚಾಡುತ್ವೆ. ವಿಡಿಯೋಗೆ ಚೆಂದ. ಅಷ್ಟು ಹೊತ್ತೂ ಮೊಟ್ಟೆ ಕಾದ ಉಸುಕಿನ ಮೇಲೆ ಬಿಸಿಲಿಗೆ. ಕಾಗೆ, ಹದ್ದು ಕಾಯ್ತಾ ಇರುತ್ವೆ. ಒಂದು ಬೋಟ್ ಹೀಗೆ ಮಾಡಿದ್ರೆ ಹಕ್ಕಿ ತಡ್ಕೊಳ್ಳುತ್ತೆ. ದಿನಕ್ಕೆ ಹನ್ನೆರಡು ಸಲ ಆದ್ರೆ?

ಹನ್ನೆರಡು ಅಂತ ಸುಮ್ಮನೆ ಹೇಳಲಿಲ್ಲ. ನನ್ನ ದೋಸ್ತ್ ರಿಪೋರ್ಟ್‌ನಲ್ಲಿ 'ದಿನಕ್ಕೆ ಟ್ರಿಪ್' ಅನ್ನೋ ಕಾಲಂನಲ್ಲಿ ಬರೆದಿದ್ದು ಅದನ್ನೇ.

ಆ ಭದ್ರೆಯೇ ಕೂಡಲಿಯಲ್ಲಿ ತುಂಗೆಗೆ ಸೇರಿ, ಹೊನ್ನಾಳಿ, ಹರಿಹರ ದಾಟಿ, ರಾಣೆಬೆನ್ನೂರು ತಾಲೂಕಿನ ಅಂಚಿಗೆ ಹರಿದು, ಅಂಬಿಗರ ಚೌಡಯ್ಯನ ಚೌಡಯ್ಯದಾನಪುರದ ಪಕ್ಕ ಹಾದು ನಮ್ಮೂರಿಗೆ ಬರೋದು. ಬೇಸಿಗೆಯಲ್ಲಿ ನಮ್ಮಲ್ಲೂ ಉಸುಕಿನ ದಿಬ್ಬ ಏಳುತ್ವೆ. ಉಸುಕಿನ ಟ್ರ್ಯಾಕ್ಟರ್‌ಗಳು ಉಳಿಸಿದಷ್ಟು. ಹರಗೋಲು ಹಾಕ್ತಿದ್ದ ನಮ್ಮ ಕಾಕಾನನ್ನ ಕೇಳಿದೆ, ಇಲ್ಲೂ ಆ ಹಕ್ಕಿ ಮೊಟ್ಟೆ ಇಡುತ್ತಾ ಅಂತ.

"ಇಡ್ತಾವಲ್ಲಪಾ ತಮ್ಮಾ. ಮುಂಚೆ ಭಾಳ ಇರ್ತಿದ್ವು. ಈಗ ಆ ಕಡಿ ದಿಬ್ಬದಾಗ ಅಷ್ಟ. ನಾವು ಹರಗೋಲ ದೂರದಿಂದ ಒಯ್ತಿದ್ವಿ. ಸನೇಕ ಹೋದ್ರ ತಲಿಗೇ ಕುಕ್ಕಾಕ ಬರ್ತಾವು. ನೀರುನಾಯಿ ಬೇಕಂದ್ರ ಸುಮ್ನ ಕುಂದರಬೇಕು. ಮೋಟಾರ್ ಸಪ್ಪಳ ಕೇಳಿದ್ರ ಒಂದೂ ಕಾಣಂಗಿಲ್ಲ."

ನೀರುನಾಯಿ ವಿಷಯ ಬಂತು ಅಂತ ಹೇಳ್ತೀನಿ. ಇದೇ ಹೊಳೆಯ ಕೆಳಗೆ, ಹೊಸಪೇಟೆ ಆಣೆಕಟ್ಟೆ ದಾಟಿ ಕಂಪ್ಲಿಯವರೆಗೆ 34 ಕಿಲೋಮೀಟರ್ ಉದ್ದವನ್ನ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ನಮ್ಮ ಭಾಗಕ್ಕೆ ಅಂಥದ್ದೇನೂ ಇಲ್ಲ. ಅಂದ್ರೆ ಇಲ್ಲಿ ಮಿತಿ ಹಾಕಬೇಕಾದವರು ನಾವೇ. ಸದ್ಯಕ್ಕೆ ನಾನು ಮತ್ತು ಒಂದು ಎಕ್ಸೆಲ್ ಶೀಟು.

ಶೀಟ್ ಹೀಗಿದೆ. ಹನ್ನೆರಡು ಸೀಟಿನ ಒಂದು ಮೋಟಾರ್ ಬೋಟ್. ತಿಂಗಳಿಗೆ ಸಾಲದ ಕಂತು 18,000. ಬೋಟ್ ನಡೆಸೋ ದೋಸ್ತನ ಪಗಾರ 15,000, ಸಹಾಯಕನಿಗೆ 9,000. ವಿಮೆ, ರಿಪೇರಿ 6,000. 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ಮೋಟಾರ್ ಬೋಟಿಗೆ ನೋಂದಣಿ, ವಿಮೆ ಬೇಕೇ ಬೇಕು, ಅದನ್ನ ಬಿಡೋ ಹಾಗಿಲ್ಲ. ಒಟ್ಟು 48,000, ಬೋಟ್ ಓಡಲಿ ಬಿಡಲಿ. ಒಂದು ಟ್ರಿಪ್‌ಗೆ ಎಣ್ಣೆ 200. ಟಿಕೆಟ್ 100 ಇಟ್ರೆ ತುಂಬಿದ ಬೋಟಿಗೆ 1,200, ಎಣ್ಣೆ ಕಳೆದು 1,000 ಉಳಿಯುತ್ತೆ. ಅಂದ್ರೆ ನಷ್ಟವಿಲ್ಲದೆ ನಿಲ್ಲೋಕೆ ತಿಂಗಳಿಗೆ 48 ಟ್ರಿಪ್. ನಮ್ಮೂರಿಗೆ ಜನ ಬರೋದು ಶನಿವಾರ, ಭಾನುವಾರ, ತಿಂಗಳಿಗೆ ಎಂಟು ದಿನ ಹಿಡೀರಿ. ದಿನಕ್ಕೆ ಆರು ಟ್ರಿಪ್ ಆದ್ರೆ ಸಮ. ಹನ್ನೆರಡು ಆದ್ರೆ 48 ಸಾವಿರ ಲಾಭ. ದೋಸ್ತ್ ಕನಸು ಕಂಡಿದ್ದು ಅಲ್ಲಿ.

ನಾನು ನಾಲ್ಕು ಅಂತ ತಿದ್ದಿದೆ. 100 ರೂಪಾಯಿ ಟಿಕೆಟ್‌ನಲ್ಲಿ ತಿಂಗಳಿಗೆ 16 ಸಾವಿರ ನಷ್ಟ. ಟಿಕೆಟ್ 150 ಮಾಡಿದೆ. ಟ್ರಿಪ್‌ಗೆ 1,600 ಉಳಿದು, 32 ಟ್ರಿಪ್‌ಗೆ 51,200. ಸಾವಿರದ ಲೆಕ್ಕದಲ್ಲಿ ಚೂರು ಲಾಭ. ಕಮ್ಮಿ ಜನ, ಹೆಚ್ಚು ಬೆಲೆ. ಅಂಟಾರ್ಕ್ಟಿಕಾ ಹಡಗಿನ ಲೆಕ್ಕವೇ ಸರಿ ಅಂತ ಖುಷಿಯಾಗಿ ವಾಟ್ಸಾಪ್ ಮಾಡಿದೆ. ಉತ್ತರ ಬಂತು: "ಲೇ, ಗಂಡ ಹೆಂಡ್ತಿ ಮೂರು ಹುಡುಗ್ರು ಅಂದ್ರ ಏಳುನೂರ ಐವತ್ತು. ನಮ್ಮೂರಾಗ ಒಬ್ಬರ ಎರಡು ದಿನದ ಕೂಲಿ ಅದು. ನಮ್ಮ ಹೊಳಿ, ನಮ್ಮ ಮಂದಿನ ನೋಡಬಾರದೇನು?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಬ್ಯಾಡಗಿ ಅಣ್ಣಾ, ನಿಮ್ಮ ಪ್ರಶ್ನೆಯ ಇನ್ನೊಂದು ಮಗ್ಗುಲು ಇದು. ಬೆಲೆಯಿಂದ ಮಿತಿ ಹಾಕಿದ್ರೆ ದ್ವೀಪ ಉಳಿಯುತ್ತೆ, ಆದ್ರೆ ದುಡ್ಡಿದ್ದವನಿಗೆ ಮಾತ್ರ ಪೆಂಗ್ವಿನ್ ಕಾಣುತ್ತೆ. ಅವನು ಅಲ್ಲಿಗೆ ಮುಟ್ಟೋಕೆ ವಿಮಾನದಲ್ಲಿ ಅರ್ಧ ಭೂಮಿ ಸುತ್ತಿ ಬಿಡೋ ಹೊಗೆಗೆ ಮಾತ್ರ ಯಾವ ಐದು ಮೀಟರ್ ನಿಯಮವೂ ಇಲ್ಲ. ಇನ್ನೊಂದು ದಾರಿ ಅಂದ್ರೆ ಸರದಿ. ಬೆಲೆ ಕಮ್ಮಿ, ಸೀಟು ಕಮ್ಮಿ, ಮೊದಲೇ ಹೆಸರು ಬರೆಸಿ ಕಾಯಬೇಕು. ಆದ್ರೆ ಆ ನಷ್ಟ ಯಾರಾದರೂ ತುಂಬಬೇಕು, ಸರ್ಕಾರವೋ ಪಂಚಾಯತಿಯೋ. ಇಲ್ಲದಿದ್ರೆ ಕಂತು ತುಂಬೋಕೆ ಟ್ರಿಪ್ ಹೆಚ್ಚಾಗುತ್ತೆ. ಬೋಟ್ ಎಷ್ಟು ಸಲ ಹೋಗಬೇಕು ಅಂತ ಹೇಳೋದು ಹಕ್ಕಿಯಲ್ಲ, ಗಿರಾಕಿಯೂ ಅಲ್ಲ, ಹದಿನೆಂಟು ಸಾವಿರದ ಆ ಕಂತು.

ಕಾಕಾನಿಗೆ ಶೀಟ್ ಓದಿ ಹೇಳಿದೆ. ಪೂರ್ತಿ ಕೇಳಿ, "ಹರಗೋಲಿಗೆ ಎಲ್ಲಿ ಕಂತಪಾ?" ಅಂದ್ರು. ಹೌದಲ್ವಾ! ಕಂತಿಲ್ಲ, ಎಣ್ಣೆ ಇಲ್ಲ, ಸಪ್ಪಳ ಇಲ್ಲ. ಒಂದಕ್ಕೆ ನಾಲ್ಕೈದು ಜನ. ದೋಸ್ತನಿಗೆ ಹೇಳಿದ್ರೆ ನಕ್ಕ. ಹರಗೋಲಲ್ಲಿ ಜನರನ್ನ ಕೂರಿಸಿ ಏನಾದ್ರೂ ಆದ್ರೆ ಯಾರು ಹೊಣೆ, ಹುಟ್ಟು ಹಾಕೋಕೆ ಬರೋರು ಊರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ಕೇಳಿದ. ಅದೂ ಸುಳ್ಳಲ್ಲ. ಕಾಕಾನಿಗೆ ಈಗ ಅರವತ್ತೆಂಟು, ಭುಜ ನೋವು.

ನಿನ್ನೆ ರಾತ್ರಿ ಮತ್ತೆ ಕೂತ್ವಿ. ಟಿಕೆಟ್ 120, ದಿನಕ್ಕೆ 5 ಟ್ರಿಪ್. ಫೆಬ್ರುವರಿಯಿಂದ ಮೇ ತನಕ ಆ ದಿಬ್ಬದ ಕಡೆ ಹೋಗೋದೇ ಇಲ್ಲ, ಗುಡಿ ಕಡೆಗೆ ಮಾತ್ರ. ಎಲ್ಲ ಸೀಟೂ ತುಂಬಿದ್ರೆ ತಿಂಗಳ ಕೊನೆಗೆ ಉಳಿಯೋದು 1,600 ರೂಪಾಯಿ. "ಸಾವಿರದ ಆರುನೂರಕ್ಕ ಯಾರ್ ಧಂದೆ ಮಾಡ್ತಾರಲೇ" ಅಂತ ಬೈದ. ಆದ್ರೆ ಶೀಟ್ ಅಳಿಸಲಿಲ್ಲ. ಗುರುವಾರ ಬ್ಯಾಂಕಿಗೆ ಹೋಗ್ತೀವಿ. ಪ್ರಿಂಟ್ ತೆಗೆದ ಪ್ರತಿಯಲ್ಲಿ ಆ ಕಾಲಂ ಖಾಲಿ ಬಿಟ್ಟು ಪೆನ್ಸಿಲ್‌ನಲ್ಲಿ 5 ಅಂತ ಬರೆದಿದ್ದೀನಿ.